ಉಸಿರು ಪರೀಕ್ಷೆಗೆ ಮಂಕುಬೂದಿ ಎರಚುವ ಮಾತ್ರೆ

ವೈದ್ಯಕೀಯ ಪರೀಕ್ಷೆಗಳಲ್ಲಿ ಇಷ್ಟು ಸುಲಭವಾದದ್ದು ಇನ್ನೊಂದು ಸಿಗುವುದು ಕಷ್ಟ. ಸೂಜಿ ಚುಚ್ಚುವುದಿಲ್ಲ, ಗಂಟಲಿನಲ್ಲಿ ಕೊಳವೆ ಇಳಿಸುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದ ರೋಗಿ ಒಂದು ಚೀಲದೊಳಕ್ಕೆ ಉಸಿರು ಊದುತ್ತಾನೆ. ಬಳಿಕ ಒಂದು ಲೋಟ ಪಾನೀಯ ಕುಡಿಯುತ್ತಾನೆ, ಇಲ್ಲವೇ ಒಂದು ಗುಳಿಗೆ ನುಂಗುತ್ತಾನೆ. ಹತ್ತರಿಂದ ಮೂವತ್ತು ನಿಮಿಷ ಕಳೆದ ಮೇಲೆ ಮತ್ತೊಮ್ಮೆ ಊದುತ್ತಾನೆ. ಅಷ್ಟೇ. ಜಠರದ ಒಳಗೋಡೆಯಲ್ಲಿ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಮನೆ ಮಾಡಿಕೊಂಡಿದೆಯೇ ಇಲ್ಲವೇ ಎಂಬುದನ್ನು ಆ ಉಸಿರೇ ಹೇಳಿಬಿಡುತ್ತದೆ.

ಆದರೆ ಊದುವುದಕ್ಕೆ ಮುನ್ನ ರೋಗಿ ಒಂದು ಪ್ರಶ್ನೆಗೆ ಉತ್ತರಿಸಬೇಕು. ಕಳೆದ ಎರಡು ವಾರಗಳಲ್ಲಿ ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ ನುಂಗಿದ್ದೀರಾ? ‘ಹೌದು’ ಎಂದರೆ ಸಾಮಾನ್ಯವಾಗಿ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರೆ. ಎದೆಯುರಿಗೆಂದು ನುಂಗಿದ ಒಂದು ಸಾಮಾನ್ಯ ಮಾತ್ರೆಗೂ ಉಸಿರಿಗೂ ಎಲ್ಲಿಯ ಸಂಬಂಧ? ಈ ಪ್ರಶ್ನೆಯ ಉತ್ತರ ನೂರು ವರ್ಷಕ್ಕೂ ಹಿಂದಿನ ಕಥೆಯೊಂದಕ್ಕೆ ಕರೆದೊಯ್ಯುತ್ತದೆ. ಅದು ಮತ್ತೆ ಮತ್ತೆ ಕಣ್ಣಿಗೆ ಬಿದ್ದು, ಮತ್ತೆ ಮತ್ತೆ ‘ಇಲ್ಲ’ ಎನಿಸಿಕೊಂಡ ಒಂದು ಜೀವಿಯ ಕಥೆ.

ಆಮ್ಲವೇ ಅಪರಾಧಿ

ಹೊಟ್ಟೆ ಹುಣ್ಣಿಗೆ ಕಾರಣ ಜಠರದ ಆಮ್ಲ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಬಹುಭಾಗ ವೈದ್ಯಲೋಕವನ್ನು ಆಳಿತು. 1910ರಲ್ಲಿ ಕಾರ್ಲ್ ಶ್ವಾರ್ಜ್ ಎಂಬ ಶಸ್ತ್ರವೈದ್ಯ ಮಂಡಿಸಿದ ಸೂತ್ರದ ಸಾರ ಇಷ್ಟೇ: ಆಮ್ಲವಿಲ್ಲದೆ ಹುಣ್ಣಿಲ್ಲ. ಚಿಕಿತ್ಸೆಯೂ ಅದಕ್ಕೆ ತಕ್ಕಂತೆಯೇ ಇತ್ತು. ಹಾಲು, ಸಪ್ಪೆ ಊಟ, ಸುಣ್ಣದಂಥ ಪುಡಿಗಳು. ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುವುದು, ಆಮ್ಲ ಸುರಿಸಲು ಆಜ್ಞೆ ಒಯ್ಯುವ ನರವನ್ನು ತುಂಡರಿಸುವುದು ಆಗ ದೊಡ್ಡ ಆಸ್ಪತ್ರೆಗಳ ನಿತ್ಯದ ಕೆಲಸವಾಗಿತ್ತು. ಚಿಂತೆ, ಅವಸರದ ಬದುಕು, ಖಾರದ ಊಟ ಇವೆಲ್ಲವೂ ಆರೋಪಿಗಳ ಪಟ್ಟಿಯಲ್ಲಿದ್ದವು.

1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಸಿಮೆಟಿಡಿನ್ ಬಂದಾಗ ದೊಡ್ಡ ಬದಲಾವಣೆ ಆಯಿತು. ಜಠರದ ಕೋಶಗಳಿಗೆ ‘ಆಮ್ಲ ಸುರಿಸು’ ಎಂದು ಹೇಳುವ ಹಿಸ್ಟಮಿನ್ ಎಂಬ ರಾಸಾಯನಿಕದ ಬಾಯಿ ಮುಚ್ಚಿಸುವ ಔಷಧ ಅದು. ಅದರ ಹಿಂದಿದ್ದ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. 1981ರಲ್ಲಿ ಅದೇ ವರ್ಗದ ರಾನಿಟಿಡಿನ್ ಬಂತು. 1988ರಲ್ಲಿ ಸ್ವೀಡನ್ನಿನಲ್ಲಿ ಇನ್ನೂ ಬಲಶಾಲಿಯಾದ ಒಮೆಪ್ರಜೋಲ್ ಬಳಕೆಗೆ ಬಂತು. ಹಿಂದಿನ ಔಷಧಗಳು ಆಜ್ಞೆಯನ್ನು ತಡೆದರೆ ಒಮೆಪ್ರಜೋಲ್ ಆಮ್ಲವನ್ನು ಹೊರಹಾಕುವ ಪಂಪನ್ನೇ ಕಟ್ಟಿಹಾಕುತ್ತದೆ. ‘ಪ್ರೋಟಾನ್ ಪಂಪ್ ನಿರೋಧಕ’ ಎಂಬ ಹೆಸರು ಬಂದದ್ದು ಹೀಗೆ. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಮುಂತಾದವು ಇದೇ ಕುಟುಂಬದವು.

ಈ ಮಾತ್ರೆಗಳಿಂದ ಹುಣ್ಣು ಮಾಯುತ್ತಿದ್ದುದು ನಿಜ. ಶಸ್ತ್ರಚಿಕಿತ್ಸೆಯ ಕೊಠಡಿಗಳು ಬರಿದಾಗತೊಡಗಿದ್ದೂ ನಿಜ. ಆದರೆ ಮಾತ್ರೆ ನಿಲ್ಲಿಸಿದ ಕೆಲವು ತಿಂಗಳಲ್ಲಿ ಬಹಳಷ್ಟು ಮಂದಿಗೆ ಹುಣ್ಣು ಮರಳಿ ಬರುತ್ತಿತ್ತು. ಆಮ್ಲವೊಂದೇ ಅಪರಾಧಿಯಾಗಿದ್ದರೆ ಹೀಗೇಕೆ ಆಗಬೇಕು?

ಕಂಡೂ ಕಾಣದಾದ ಜೀವಿ

ಉತ್ತರ ಎಂದೋ ಕಣ್ಣಿಗೆ ಬಿದ್ದಿತ್ತು. ಇಟಲಿಯ ಟ್ಯೂರಿನ್ ನಗರದ ಜೂಲಿಯೊ ಬಿಜೊಜೆರೊ 1893ರ ವೇಳೆಗೆ ನಾಯಿಗಳ ಜಠರದಲ್ಲಿ ಸುರುಳಿಯಾಕಾರದ ಸೂಕ್ಷ್ಮಾಣುಗಳನ್ನು ಕಂಡು ಚಿತ್ರ ಸಹಿತ ವರದಿ ಮಾಡಿದ್ದರು. ಅದು ಅಷ್ಟಕ್ಕೇ ನಿಂತಿತು.

ಇನ್ನೊಂದು ಸುಳಿವು ರಸಾಯನಶಾಸ್ತ್ರದ ಕಡೆಯಿಂದ ಬಂತು. ಜೇಮ್ಸ್ ಮರ್ರಿ ಲಕ್ ಮತ್ತು ಟಿ. ಎನ್. ಸೇಠ್ ಎಂಬ ಇಬ್ಬರು ಸಂಶೋಧಕರು 1924ರಲ್ಲಿ ಜಠರದ ಒಳಪೊರೆಯಲ್ಲಿ ಯೂರಿಯೇಸ್ ಎಂಬ ಕಿಣ್ವ ಇರುವುದನ್ನು ಪ್ರಕಟಿಸಿದರು. ಯೂರಿಯಾ ಎಂಬುದು ದೇಹ ಮೂತ್ರದ ಮೂಲಕ ಹೊರಹಾಕುವ ತ್ಯಾಜ್ಯ. ಅದನ್ನು ಒಡೆದು ಅಮೋನಿಯಾ ಮತ್ತು ಇಂಗಾಲದ ಡೈ ಆಕ್ಸೈಡ್ ಮಾಡುವುದು ಈ ಕಿಣ್ವದ ಕೆಲಸ. ಜಠರಕ್ಕೆ ಇಂಥ ಕಿಣ್ವ ಯಾತಕ್ಕೆ? ಅಮೋನಿಯಾ ಕ್ಷಾರ ಗುಣದ್ದು, ಆದ್ದರಿಂದ ಆಮ್ಲದಿಂದ ತನ್ನನ್ನು ಕಾಪಾಡಿಕೊಳ್ಳಲು ಜಠರವೇ ಇದನ್ನು ಹುಟ್ಟಿಸುತ್ತದೆ ಎಂದು ಮುಂದಿನವರು ಊಹಿಸಿದರು. ಐರ್ಲೆಂಡಿನ ಡಬ್ಲಿನ್‌ನಲ್ಲಿ ಆಲಿವರ್ ಫಿಟ್ಸ್‌ಜೆರಾಲ್ಡ್ ಎಂಬ ವೈದ್ಯರು ಹುಣ್ಣಿನ ರೋಗಿಗಳಿಗೆ ಯೂರಿಯಾವನ್ನೇ ಔಷಧವಾಗಿ ಕೊಟ್ಟು ನೋಡಿದರು.

1950ರ ದಶಕದಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಆ್ಯಂಟಿಬಯಾಟಿಕ್ ಕೊಟ್ಟರೆ ಜಠರದ ಅಮೋನಿಯಾ ಇಳಿದುಹೋಗುತ್ತದೆ! ಲೀಬರ್ ಮತ್ತು ಲೆಫೆವ್ರ್ ಎಂಬ ವೈದ್ಯರು 1959ರಲ್ಲಿ ಇದನ್ನು ಮನುಷ್ಯರಲ್ಲೇ ತೋರಿಸಿದರು. ಕಿಣ್ವ ಜಠರದ್ದಲ್ಲ, ಅಲ್ಲಿ ವಾಸವಾಗಿರುವ ಬ್ಯಾಕ್ಟೀರಿಯದ್ದು ಎಂಬ ತೀರ್ಮಾನಕ್ಕೆ ಅದು ಒಂದೇ ಹೆಜ್ಜೆ ದೂರ. ಆದರೆ ಆ ಹೊತ್ತಿಗೆ ದಾರಿಗೆ ಅಡ್ಡವಾಗಿ ಒಂದು ‘ಇಲ್ಲ’ ನಿಂತುಬಿಟ್ಟಿತ್ತು.

ಅಮೆರಿಕದ ಎಡ್ಡಿ ಪಾಮರ್ ಎಂಬ ವೈದ್ಯರು ಒಂದು ಸಾವಿರಕ್ಕೂ ಹೆಚ್ಚು ಜನರ ಜಠರದ ಚೂರುಗಳನ್ನು ಪರೀಕ್ಷಿಸಿ, ಸುರುಳಿ ಸೂಕ್ಷ್ಮಾಣು ಒಂದೂ ಸಿಗಲಿಲ್ಲ ಎಂದು 1954ರಲ್ಲಿ ವರದಿ ಮಾಡಿದ್ದರು. ಸಂಖ್ಯೆ ದೊಡ್ಡದು, ಪರೀಕ್ಷಕರು ಹೆಸರಾಂತರು. ಜಠರದ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯವೂ ಬದುಕಲಾರದು ಎಂಬ ಮಾತು ಪಾಠವಾಗಿ ಬೇರೂರಿತು. ಪಾಮರ್ ನೋಡಿದ್ದರಲ್ಲಿ ಮೋಸವೇನೂ ಇರಲಿಲ್ಲ. ಚೂರುಗಳಿಗೆ ಅವರು ಹಾಕಿದ್ದ ಮಾಮೂಲು ಬಣ್ಣದಲ್ಲಿ ಈ ಜೀವಿ ಸುಲಭವಾಗಿ ಎದ್ದು ಕಾಣುವುದಿಲ್ಲ. ಪರೀಕ್ಷೆಗೆ ಕಾಣಲಿಲ್ಲ ಎಂಬುದು ಪುಸ್ತಕಕ್ಕೆ ಹೋಗುವಾಗ ‘ಇಲ್ಲವೇ ಇಲ್ಲ’ ಎಂದಾಯಿತು. ಗ್ರೀಸ್‌ನ ಜಾನ್ ಲೈಕೌಡಿಸ್ ಎಂಬ ಊರ ವೈದ್ಯರು 1958ರಿಂದ ಹುಣ್ಣಿನ ರೋಗಿಗಳಿಗೆ ಆ್ಯಂಟಿಬಯಾಟಿಕ್ ಕೊಡುತ್ತಿದ್ದರು. ಅವರಿಗೆ 1968ರಲ್ಲಿ ಸಿಕ್ಕಿದ್ದು 4,000 ದ್ರಾಕ್ಮಾ ದಂಡ.

ಪರ್ತ್‌ನ ಈಸ್ಟರ್ ರಜೆ

ಆ ಗೋಡೆಯನ್ನು ಒಡೆದವರು ಆಸ್ಟ್ರೇಲಿಯದ ಪಶ್ಚಿಮ ತುದಿಯ ಪರ್ತ್ ನಗರದ ಇಬ್ಬರು. ರಾಯಲ್ ಪರ್ತ್ ಆಸ್ಪತ್ರೆಯ ರಾಬಿನ್ ವಾರನ್ 1979ರಲ್ಲಿ ಉರಿಯೂತವಿದ್ದ ಜಠರದ ಚೂರಿನ ಮೇಲೆ ಸುರುಳಿ ಬ್ಯಾಕ್ಟೀರಿಯಗಳನ್ನು ಕಂಡರು. ಬೆಳ್ಳಿಯ ಬಣ್ಣ ಹಾಕಿದಾಗ ಅವು ಕಪ್ಪಗೆ ಎದ್ದು ಕಂಡವು. 1981ರಲ್ಲಿ ತರುಣ ವೈದ್ಯ ಬ್ಯಾರಿ ಮಾರ್ಷಲ್ ಜೊತೆಗೂಡಿದರು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸುವ ಯತ್ನ ಮೊದಮೊದಲು ಸೋತಿತು. ಎರಡು ದಿನ ಕಾದು, ಏನೂ ಬೆಳೆಯದಿದ್ದರೆ ತಟ್ಟೆಗಳನ್ನು ಎಸೆಯುವುದು ಅಲ್ಲಿನ ರೂಢಿ. 1982ರ ಈಸ್ಟರ್ ರಜೆಯಲ್ಲಿ ಮಾತ್ರ ತಟ್ಟೆಗಳು ಐದಾರು ದಿನ ಹಾಗೆಯೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬ್ಯಾಕ್ಟೀರಿಯ ಬೆಳೆದಿತ್ತು! ಅದು ನಿಧಾನವಾಗಿ ಬೆಳೆಯುವ ಜೀವಿ. ಇಲ್ಲಿಯೂ ಅವಸರದ ‘ಇಲ್ಲ’ ಸುಳ್ಳಾಗಿತ್ತು.

ಇಬ್ಬರೂ 100 ರೋಗಿಗಳ ಅಧ್ಯಯನವನ್ನು 1984ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಿದ್ದ 13 ಮಂದಿಯಲ್ಲೂ ಬ್ಯಾಕ್ಟೀರಿಯ ಇತ್ತು. ಆದರೂ ಅನುಮಾನ ಹೋಗಲಿಲ್ಲ. ಅದೇ ವರ್ಷ ಮಾರ್ಷಲ್ ಬ್ಯಾಕ್ಟೀರಿಯ ತುಂಬಿದ ದ್ರಾವಣವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಸುಮಾರು ಹತ್ತು ದಿನಗಳ ಮೇಲೆ ಜಠರದ ಚೂರು ತೆಗೆದಾಗ ಉರಿಯೂತವೂ ಬ್ಯಾಕ್ಟೀರಿಯವೂ ಸಿಕ್ಕವು. 1989ರಲ್ಲಿ ಆ ಜೀವಿಗೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂದು ನಾಮಕರಣವಾಯಿತು. ಹುಣ್ಣಿನ ಜೊತೆಗೆ ಈ ಸೋಂಕು ಇದ್ದರೆ ಆ್ಯಂಟಿಬಯಾಟಿಕ್ ಕೊಡಲೇಬೇಕೆಂದು 1994ರಲ್ಲಿ ಅಮೆರಿಕದ ತಜ್ಞರ ಸಭೆ ಹೇಳಿತು. ಜಠರದ ಕ್ಯಾನ್ಸರಿಗೆ ಇದೂ ಒಂದು ಕಾರಣ ಎಂದು ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿತು. ವಾರನ್ ಮತ್ತು ಮಾರ್ಷಲ್ ಅವರಿಗೆ 2005ರಲ್ಲಿ ನೊಬೆಲ್ ಬಂತು.

ಉಸಿರಿಗೆ ಗುರುತಿನ ಚೀಟಿ

ಬ್ಯಾಕ್ಟೀರಿಯ ಸಿಕ್ಕಿತು. ಆದರೆ ಪ್ರತಿ ರೋಗಿಯ ಗಂಟಲಿಗೂ ಕೊಳವೆ ಇಳಿಸಿ ಹುಡುಕಲಾದೀತೇ? ಆಗ ನೆರವಿಗೆ ಬಂದದ್ದು 1924ರ ಆ ಹಳೆಯ ಕಿಣ್ವ. ಯೂರಿಯೇಸ್ ಜಠರದ್ದಲ್ಲ, ಬ್ಯಾಕ್ಟೀರಿಯದ್ದು ಎಂಬುದು ಈಗ ಸ್ಪಷ್ಟವಾಗಿತ್ತು. ಆಮ್ಲದ ನಡುವೆ ಬದುಕಲು ಆ ಜೀವಿ ಯೂರಿಯಾ ಒಡೆದು ತನ್ನ ಸುತ್ತ ಅಮೋನಿಯಾದ ಕೋಟೆ ಕಟ್ಟಿಕೊಳ್ಳುತ್ತದೆ. ಹಾಗೆ ಒಡೆಯುವಾಗ ಹುಟ್ಟುವ ಇಂಗಾಲದ ಡೈ ಆಕ್ಸೈಡ್ ರಕ್ತಕ್ಕೆ ಸೇರಿ, ಶ್ವಾಸಕೋಶಕ್ಕೆ ಹೋಗಿ, ಉಸಿರಿನಲ್ಲಿ ಹೊರಬೀಳುತ್ತದೆ.

ಉಸಿರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಹೇಗೂ ಇದ್ದೇ ಇರುತ್ತದೆ. ಯಾವುದು ಬ್ಯಾಕ್ಟೀರಿಯದ್ದು ಎಂದು ತಿಳಿಯುವುದು ಹೇಗೆ? ಕುಡಿಸುವ ಯೂರಿಯಾದ ಇಂಗಾಲಕ್ಕೇ ಗುರುತಿನ ಚೀಟಿ ಅಂಟಿಸಿದರಾಯಿತು. ಸಾಮಾನ್ಯ ಇಂಗಾಲ ಕಾರ್ಬನ್-12. ಅದಕ್ಕಿಂತ ತುಸು ಭಾರವಾದ ಕಾರ್ಬನ್-13 ನಿಸರ್ಗದಲ್ಲಿ ಇರುವುದು ಶೇಕಡಾ 1ರಷ್ಟು ಮಾತ್ರ. ಕಾರ್ಬನ್-14 ಅತ್ಯಲ್ಪ ವಿಕಿರಣ ಸೂಸುತ್ತದೆ. ಅಮೆರಿಕದ ಹ್ಯೂಸ್ಟನ್ನಿನ ಡೇವಿಡ್ ಗ್ರಹಾಮ್ ಮತ್ತು ಸಂಗಡಿಗರು 1987ರಲ್ಲಿ ಕಾರ್ಬನ್-13ರ ಪರೀಕ್ಷೆಯನ್ನು ಪ್ರಕಟಿಸಿದರು. ಮರುವರ್ಷ ಮಾರ್ಷಲ್ ಮತ್ತು ಅವರ ಸಹೋದ್ಯೋಗಿ ಸರ್ವೇಯರ್ ಕಾರ್ಬನ್-14ರ ಪರೀಕ್ಷೆಯನ್ನು ವಿವರಿಸಿದರು. ಗುರುತಿನ ಇಂಗಾಲ ಉಸಿರಿನಲ್ಲಿ ಹೆಚ್ಚಿದರೆ ಸೋಂಕು ಇದೆ. ಹೆಚ್ಚದಿದ್ದರೆ ಇಲ್ಲ. ಲೆಕ್ಕ ಸರಳವಾಗಿತ್ತು.

ಎರಡು ದಾರಿಗಳ ಡಿಕ್ಕಿ

ಇಷ್ಟರ ಹೊತ್ತಿಗೆ ಒಮೆಪ್ರಜೋಲ್ ಲೋಕಸಂಚಾರ ಹೊರಟಿತ್ತು. ಆಮ್ಲದ ಬೆನ್ನು ಹತ್ತಿದ್ದ ಔಷಧದ ದಾರಿ, ಬ್ಯಾಕ್ಟೀರಿಯದ ಬೆನ್ನು ಹತ್ತಿದ್ದ ಪರೀಕ್ಷೆಯ ದಾರಿ, ಎರಡೂ ಒಂದೇ ರೋಗಿಯ ಹೊಟ್ಟೆಯಲ್ಲಿ ಸಂಧಿಸಿದವು. ಬರೀ ಒಮೆಪ್ರಜೋಲ್ ನುಂಗುತ್ತಿದ್ದ ಕೆಲವರಲ್ಲಿ ಬ್ಯಾಕ್ಟೀರಿಯವೇ ಮಾಯವಾದಂತೆ ಕಂಡಿತು. ಮಾತ್ರೆ ನಿಲ್ಲಿಸಿ ಕೆಲವು ವಾರ ಬಿಟ್ಟು ನೋಡಿದರೆ ಮತ್ತೆ ಪ್ರತ್ಯಕ್ಷ! ಅದು ಸತ್ತಿರಲಿಲ್ಲ, ಅಡಗಿತ್ತು.

ಎಷ್ಟು ಮಂದಿಯಲ್ಲಿ ಹೀಗಾಗುತ್ತದೆ ಎಂಬುದನ್ನು 1998ರಲ್ಲಿ ಲೊರೆನ್ ಲೇನ್ ಮತ್ತು ಸಂಗಡಿಗರು ಅಳೆದು ಹೇಳಿದರು. ಸೋಂಕು ಇರುವುದು ಖಚಿತವಾಗಿದ್ದವರಿಗೆ ನಿತ್ಯ 30 ಮಿಲಿಗ್ರಾಂ ಲ್ಯಾನ್ಸೊಪ್ರಜೋಲ್ ಅನ್ನು 28 ದಿನ ಕೊಟ್ಟರು. ಕೊನೆಗೆ ಉಸಿರು ಪರೀಕ್ಷೆ ಮಾಡಿದಾಗ ಶೇಕಡಾ 33 ಮಂದಿಯಲ್ಲಿ ‘ಸೋಂಕಿಲ್ಲ’ ಎಂಬ ಫಲಿತಾಂಶ ಬಂತು. ಮೂವರಲ್ಲಿ ಒಬ್ಬರಿಗೆ ಸುಳ್ಳು ನೆಮ್ಮದಿ! ಮಾತ್ರೆ ನಿಲ್ಲಿಸಿದ ಮೇಲೆ ಸತ್ಯ ಹೊರಬರತೊಡಗಿತು. ಮೂರನೆಯ ದಿನಕ್ಕೆ ಶೇಕಡಾ 91, ಏಳನೆಯ ದಿನಕ್ಕೆ ಶೇಕಡಾ 97, ಹದಿನಾಲ್ಕನೆಯ ದಿನಕ್ಕೆ ಎಲ್ಲರ ಉಸಿರೂ ‘ಸೋಂಕಿದೆ’ ಎಂದು ಹೇಳಿತು. ಇಂದು ವೈದ್ಯರು ಹೇಳುವ ‘ಎರಡು ವಾರ’ದ ನಿಯಮಕ್ಕೆ ಇಂಥ ಅಳತೆಗಳೇ ಆಧಾರ.

ಆಮ್ಲ ಇಳಿದರೆ ಬಾಗಿಲು ಮುಚ್ಚುತ್ತದೆ

ಹೀಗೇಕೆ ಆಗುತ್ತದೆ? ಕಾರಣ ಒಂದಲ್ಲ. ಮೊದಲನೆಯದು, ಈ ಮಾತ್ರೆಗಳು ಬ್ಯಾಕ್ಟೀರಿಯದ ಬೆಳವಣಿಗೆಯನ್ನೇ ಸ್ವಲ್ಪ ಮಟ್ಟಿಗೆ ಕುಗ್ಗಿಸುತ್ತವೆ. ಸಂಖ್ಯೆ ಇಳಿದರೆ ಒಡೆಯುವ ಯೂರಿಯಾವೂ ಇಳಿಯುತ್ತದೆ. ಎರಡನೆಯದು, ಆಮ್ಲ ತಗ್ಗಿದಾಗ ಬ್ಯಾಕ್ಟೀರಿಯ ಜಠರದ ಕೆಳಭಾಗದಿಂದ ಮೇಲ್ಭಾಗದತ್ತ ಗುಳೆ ಹೋಗುತ್ತದೆ. ಕೊಳವೆ ಇಳಿಸಿ ಕೆಳಭಾಗದ ಚೂರನ್ನಷ್ಟೇ ತೆಗೆದರೆ ಅಲ್ಲೂ ಅದು ತಪ್ಪಿಹೋಗಬಹುದು.

ಮೂರನೆಯ ಕಾರಣ ಎಲ್ಲಕ್ಕಿಂತ ಸ್ವಾರಸ್ಯಕರ. ಬ್ಯಾಕ್ಟೀರಿಯದ ಒಳಪೊರೆಯಲ್ಲಿ ಯೂರಿಯಾ ಒಳಬರಲು ಒಂದು ಬಾಗಿಲಿದೆ. ಸುತ್ತ ಆಮ್ಲವಿದ್ದಾಗ ಅದು ತೆರೆದುಕೊಳ್ಳುತ್ತದೆ, ಆಮ್ಲವಿಲ್ಲದಾಗ ಮುಚ್ಚಿಕೊಳ್ಳುತ್ತದೆ ಎಂಬುದನ್ನು 2000ದಲ್ಲಿ ಡೇವಿಡ್ ವೀಕ್ಸ್, ಜಾರ್ಜ್ ಸ್ಯಾಕ್ಸ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಮುಚ್ಚಿಕೊಳ್ಳುವುದಕ್ಕೂ ಅರ್ಥವಿದೆ. ಆಮ್ಲವಿಲ್ಲದಾಗಲೂ ಅಮೋನಿಯಾ ಮಾಡುತ್ತಾ ಹೋದರೆ ಆ ಕ್ಷಾರವೇ ಬ್ಯಾಕ್ಟೀರಿಯಕ್ಕೆ ಮುಳುವಾಗುತ್ತದೆ. ಮಳೆ ಬಂದಾಗಲಷ್ಟೇ ಕೊಡೆ ಬಿಚ್ಚುವ ಜಾಣತನ ಅದರದ್ದು. ಉಸಿರು ಪರೀಕ್ಷೆ ಗುರುತಿಸುವುದು ಆ ಕೊಡೆಯನ್ನೇ ಹೊರತು ಅದನ್ನು ಹಿಡಿದವನನ್ನಲ್ಲ. ಮಾತ್ರೆ ನುಂಗಿ ಮಳೆ ನಿಲ್ಲಿಸಿದರೆ ಕೊಡೆ ಮಡಚಿಕೊಳ್ಳುತ್ತದೆ, ಪರೀಕ್ಷೆಗೆ ಯಾರೂ ಕಾಣುವುದಿಲ್ಲ. ಪರೀಕ್ಷೆಯ ಪಾನೀಯಕ್ಕೆ ಹಲವೆಡೆ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ ಬೆರೆಸುವುದರ ಒಂದು ಉದ್ದೇಶ ಜಠರವನ್ನು ಆ ಹೊತ್ತಿಗಾದರೂ ಹುಳಿಯಾಗಿಸುವುದು. ಅದರಿಂದ ಪ್ರಯೋಜನವಿದೆ, ಆದರೆ ಮಾತ್ರೆಯ ಪ್ರಭಾವ ಪೂರ್ತಿ ಅಳಿಯುವುದಿಲ್ಲ.

ಒಂದು ದಿನ ಮಾತ್ರೆ ಬಿಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಾಲದು. ಒಮೆಪ್ರಜೋಲ್ ರಕ್ತದಿಂದ ಕೆಲವೇ ಗಂಟೆಗಳಲ್ಲಿ ಮಾಯವಾದರೂ ಅದು ಕಟ್ಟಿಹಾಕಿದ ಪಂಪುಗಳು ಬಿಡುಗಡೆಯಾಗುವುದು ನಿಧಾನ. ಜಠರದ ಕೋಶಗಳು ಹೊಸ ಪಂಪುಗಳನ್ನು ಮಾಡಿಕೊಳ್ಳಬೇಕು. ಕುಗ್ಗಿದ ಬ್ಯಾಕ್ಟೀರಿಯದ ಸಂಸಾರವೂ ಮತ್ತೆ ಬೆಳೆಯಬೇಕು.

ರಾನಿಟಿಡಿನ್, ಫ್ಯಾಮೊಟಿಡಿನ್‌ಗಳ ವರ್ಗದ ಮಾತ್ರೆಗಳು ಆಮ್ಲವನ್ನು ಅಷ್ಟು ಬಲವಾಗಿ ತಡೆಯುವುದಿಲ್ಲ. ಪರೀಕ್ಷೆಯ ಮೇಲೆ ಅವುಗಳ ಪ್ರಭಾವವೂ ಕಡಿಮೆ, ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟರೆ ಸಾಕು ಎನ್ನುತ್ತಾರೆ. ಆ್ಯಂಟಿಬಯಾಟಿಕ್ ಮತ್ತು ಬಿಸ್ಮತ್ ಔಷಧಗಳು ಬ್ಯಾಕ್ಟೀರಿಯವನ್ನೇ ಹೊಡೆಯುವುದರಿಂದ ಅವುಗಳಿಗೆ ನಾಲ್ಕು ವಾರಗಳ ಅಂತರ ಬೇಕು.

ನೆಮ್ಮದಿಯ ಬೆಲೆ

ಸುಳ್ಳು ‘ಇಲ್ಲ’ದಿಂದ ಆಗುವ ನಷ್ಟವೇನು? ಹುಣ್ಣಿನ ರೋಗಿಗೆ ಸೋಂಕಿಲ್ಲ ಎಂದು ಚೀಟಿ ಸಿಕ್ಕರೆ ಆ್ಯಂಟಿಬಯಾಟಿಕ್ ಚಿಕಿತ್ಸೆಯೇ ತಪ್ಪಿಹೋಗುತ್ತದೆ. ಮಾತ್ರೆ ಇರುವಷ್ಟು ದಿನ ಹೊಟ್ಟೆ ತಣ್ಣಗಿರುತ್ತದೆ, ಬಿಟ್ಟ ಮೇಲೆ ಹುಣ್ಣು ಮರಳುತ್ತದೆ. ಕೆಲವರಿಗೆ ಅದು ರಕ್ತಸ್ರಾವವಾಗಿಯೇ ಮರಳಬಹುದು. ಸೋಂಕು ತಗಲಿದವರಲ್ಲಿ ಬಹುಪಾಲು ಮಂದಿಗೆ ಯಾವ ತೊಂದರೆಯೂ ಆಗದು ಎಂಬುದು ನಿಜವೇ. ಆದರೆ ಯಾರಿಗೆ ಹುಣ್ಣಾಗಿದೆಯೋ ಅವರಿಗೆ ಈ ‘ಇಲ್ಲ’ ದುಬಾರಿ.

ಚಿಕಿತ್ಸೆಯ ಬಳಿಕದ ಪರೀಕ್ಷೆಯಲ್ಲಿ ಗೊಂದಲ ಇನ್ನೂ ಹೆಚ್ಚು. ಬ್ಯಾಕ್ಟೀರಿಯವನ್ನು ಅಳಿಸಲು ಕೊಡುವ ಔಷಧಗಳ ಗುಂಪಿನಲ್ಲಿ ಆ್ಯಂಟಿಬಯಾಟಿಕ್‌ಗಳ ಜೊತೆಗೆ ಪ್ರೋಟಾನ್ ಪಂಪ್ ನಿರೋಧಕವೂ ಇರುತ್ತದೆ. ಆಮ್ಲ ಕಡಿಮೆಯಿದ್ದರೆ ಆ್ಯಂಟಿಬಯಾಟಿಕ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಅಂದರೆ ಶತ್ರುವನ್ನು ಕೊಲ್ಲಲು ನೆರವಾಗುವ ಮಾತ್ರೆಯೇ, ಕೊಂದಿದ್ದೇವೆಯೇ ಎಂದು ನೋಡುವಾಗ ಕಣ್ಣಿಗೆ ಪರದೆ ಕಟ್ಟುತ್ತದೆ. ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ತಳಿಗಳು ಹೆಚ್ಚುತ್ತಿರುವ ಕಾಲದಲ್ಲಿ ಗುಣವಾಗಿದೆ ಎಂದು ಊಹಿಸಿ ಕೂರುವಂತಿಲ್ಲ. ಆದ್ದರಿಂದಲೇ ಆ್ಯಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರ, ಆಮ್ಲದ ಮಾತ್ರೆ ನಿಲ್ಲಿಸಿ ಕನಿಷ್ಠ ಎರಡು ವಾರ ಆದ ಮೇಲೆ ಪರೀಕ್ಷೆ ಮಾಡಬೇಕೆಂಬ ನಿಯಮ.

ಇನ್ನೊಂದು ಮಾತನ್ನೂ ಹೇಳಬೇಕು. ಮಾತ್ರೆಯ ಪ್ರಭಾವದಲ್ಲಿದ್ದಾಗಲೂ ಉಸಿರು ‘ಸೋಂಕಿದೆ’ ಎಂದರೆ ಅದನ್ನು ಬಹುಮಟ್ಟಿಗೆ ನಂಬಬಹುದು. ಸಂಶಯಪಡಬೇಕಾದದ್ದು ‘ಇಲ್ಲ’ ಎಂಬುದನ್ನು. ಬ್ಯಾಕ್ಟೀರಿಯದ ಅಂಶ ಹುಡುಕುವ ಮಲಪರೀಕ್ಷೆಗೂ ಇದೇ ತೊಡಕಿದೆ. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಗೆ ಮಾತ್ರೆಯ ಅಡ್ಡಿಯಿಲ್ಲ. ಆದರೆ ಸೋಂಕು ಅಳಿದ ಮೇಲೂ ಅದು ಬಹುಕಾಲ ‘ಇದೆ’ ಎನ್ನುತ್ತಲೇ ಇರುವುದರಿಂದ ಗುಣವಾಯಿತೇ ಎಂದು ತಿಳಿಯಲು ಉಪಯೋಗವಿಲ್ಲ. ಇತ್ತೀಚೆಗಷ್ಟೇ ಹುಣ್ಣಿನಿಂದ ರಕ್ತಸ್ರಾವವಾದವರು, ಹೃದಯದ ತೊಂದರೆಗೆ ಆಸ್ಪಿರಿನ್ ನುಂಗುತ್ತಿರುವವರು ಪರೀಕ್ಷೆಗೆಂದು ತಮ್ಮಷ್ಟಕ್ಕೆ ತಾವೇ ಮಾತ್ರೆ ಬಿಡುವುದು ಅಪಾಯ. ಅಂಥವರಿಗೆ ಯಾವಾಗ ನಿಲ್ಲಿಸಬೇಕು, ನಡುವೆ ಬದಲಿಗೆ ಏನು ಕೊಡಬೇಕು ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು.

‘ಅದೇನು ಔಷಧವೇ?’

ನಮ್ಮ ಊರುಗಳಲ್ಲಿ ಈ ಎಚ್ಚರಿಕೆಗೆ ಇನ್ನೂ ಹೆಚ್ಚಿನ ಅರ್ಥವಿದೆ. ಭಾರತದಂಥ ದೇಶಗಳಲ್ಲಿ ಈ ಸೋಂಕು ಬಾಲ್ಯದಲ್ಲೇ ತಗಲುವುದು ಸಾಮಾನ್ಯ. ಪ್ರೋಟಾನ್ ಪಂಪ್ ನಿರೋಧಕಗಳೂ ಇಲ್ಲಿ ‘ಗ್ಯಾಸ್ಟ್ರಿಕ್ ಮಾತ್ರೆ’ ಎಂಬ ಹೆಸರಿನಲ್ಲಿ ಮನೆಮಾತಾಗಿವೆ. ಮದುವೆ ಊಟದ ಮರುದಿನ ಒಂದು, ನೋವಿನ ಮಾತ್ರೆಯ ಜೊತೆಗೆ ಒಂದು, ಬೆಳಿಗ್ಗೆ ಕಾಫಿಗೆ ಮುನ್ನ ಒಂದು. ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ ಎಂದು ವೈದ್ಯರು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುತ್ತದೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರುವುದಿಲ್ಲ. ಗ್ಯಾಸ್ಟ್ರಿಕ್ ಮಾತ್ರೆಯನ್ನು ಔಷಧ ಎಂದು ಲೆಕ್ಕಕ್ಕೇ ಹಿಡಿದಿರುವುದಿಲ್ಲ, ಅಷ್ಟೇ. ಪರೀಕ್ಷೆಗೆ ಹೋಗುವಾಗ ಮಾತ್ರೆಯ ಹಾಳೆಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸುವುದು ಎಲ್ಲಕ್ಕಿಂತ ಸುಲಭದ ದಾರಿ.

1954ರಲ್ಲಿ ಸಾವಿರ ಚೂರುಗಳನ್ನು ನೋಡಿದ ವೈದ್ಯರಿಗೂ ಈ ಜೀವಿ ಕಾಣಲಿಲ್ಲ. 1982ರ ಈಸ್ಟರಿನವರೆಗೆ ಎರಡೇ ದಿನ ಕಾದವರಿಗೂ ಕಾಣಲಿಲ್ಲ. ಮಾತ್ರೆ ನುಂಗಿ ಊದಿದವರ ಉಸಿರಿನಲ್ಲೂ ಕಾಣುವುದಿಲ್ಲ. ಮೂರು ಸಲವೂ ಅದು ಅಲ್ಲೇ ಇತ್ತು. ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ ಎಂಬ ಪಾಠವನ್ನು ವೈದ್ಯಲೋಕ ಈ ಬ್ಯಾಕ್ಟೀರಿಯದಿಂದ ಕಲಿಯಲು ಹತ್ತಿರ ಹತ್ತಿರ ನೂರು ವರ್ಷ ಬೇಕಾಯಿತು. ರೋಗಿ ಕಾಯಬೇಕಾದದ್ದು ಎರಡು ವಾರ ಮಾತ್ರ.